ನೆತ್ತರುಗೊಡಗೆ

ಕನ್ನಡನಾಡಿನ ಹಳೆಯ ಊರುಗಳಲ್ಲಿ, ಕೆರೆಯೇರಿಯ ಮೇಲೋ ಈಶ್ವರನ ಗುಡಿಯ ಮಗ್ಗುಲಲ್ಲೋ, ಮೊಣಕಾಲುದ್ದ ಮಣ್ಣಿನಲ್ಲಿ ಹೂತು, ಎಣ್ಣೆ ಕುಂಕುಮಗಳಿಂದ ಕರಿದಾಗಿ ನಿಂತ ವೀರಗಲ್ಲನ್ನು ಕಾಣದವರು ವಿರಳ. ಅದರೆದುರು ಕುಕ್ಕರುಗಾಲಿನಲ್ಲಿ ಕುಳಿತು, ಹಾವಸೆಯನ್ನೊರಸಿ, ಕೆಳಗಿನಿಂದ ಮೇಲಕ್ಕೆ ಓದುತ್ತ ಹೋಗಬೇಕು: ಕೆಳಗಣ ಪಟ್ಟಿಕೆಯಲ್ಲಿ ಕತ್ತಿ ಹಿರಿದು ಹಗೆಗಳ ನಡುವೆ ನುಗ್ಗಿದ ಭಟನೇ ನಡುವಣ ಪಟ್ಟಿಕೆಯಲ್ಲಿ ಅಪ್ಸರೆಯರ ಹೆಗಲ ಮೇಲೆ ತೋಳಿಟ್ಟು ದಿವಕ್ಕೇರುತ್ತಾನೆ, ಮೇಲಣದರಲ್ಲಿ ಲಿಂಗದ, ಜೈನನಾದರೆ ಜಿನಬಿಂಬದ, ಸನ್ನಿಧಿಯಲ್ಲಿ ಕುಳಿತಿರುತ್ತಾನೆ, ಎಲ್ಲಕ್ಕೂ ಮೇಲೆ ಸೂರ್ಯಚಂದ್ರರು.

ಆದರೆ ನನ್ನ ಮನಸ್ಸು ನೆಲೆನಿಲ್ಲುವುದು ಶಿಲ್ಪಕ್ಕಿಂತಲೂ ಅದರೊಡನೆ ಕೊರೆದ ಅಕ್ಷರಗಳಲ್ಲಿ. ಇಂದು ಬೆಂಗಳೂರಿನ ಭಾಗವೇ ಆಗಿರುವ ಬೇಗೂರು, ಅಂದಿನ ಬೆಂಪೂರು, ಗಂಗರ ಆಳ್ವಿಕೆಗೆ ಒಳಪಟ್ಟಿದ್ದ ಕಾಲದಲ್ಲಿ, ಸುಮಾರು ಕ್ರಿ. ಶ. 900ರ ಆಸುಪಾಸಿನಲ್ಲಿ, ಗಂಗದೊರೆ ಎರೆಯಪ್ಪರಸನು ಅಯ್ಯಪದೇವನಿಗೆ ನೆರವಾಗಿ, ವೀರಮಹೇಂದ್ರನ ಮೇಲೆ ಕಾದಲೆಂದು ನಾಗತ್ತರನೆಂಬ ನಾಯಕನನ್ನು ಕಳುಹಿದನು. ತುಂಬೆಪಾಡಿಯಲ್ಲಿ ಕಾಳಗವು ಕೈಗೆ ಕೈ ಹತ್ತಿದಾಗ ನಾಗತ್ತರನು ಆನೆಗಳ ನಡುವೆ ಹೊಕ್ಕು ಕಾದಿ ಮಡಿದನು. ಸುದ್ದಿ ಕೇಳಿದ ಅರಸನು ಇರುಗನೆಂಬವನಿಗೆ ನಾಗತ್ತರನ ಪಟ್ಟವನ್ನು ಕಟ್ಟಿ, ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ, ಎಂದರೆ ವೀರನ ಸಲುವಾದ ದತ್ತಿಯಾಗಿ, ಕೊಟ್ಟನು. ಇದನ್ನೆಲ್ಲ ಹೇಳುವ ಬೇಗೂರಿನ ವೀರಗಲ್ಲು ಆ ಹನ್ನೆರಡು ಹಳ್ಳಿಗಳ ಹೆಸರನ್ನೂ ಒಂದೊಂದಾಗಿ ಎಣಿಸುತ್ತದೆ. ಸತ್ತವನ ಕೀರ್ತಿಯನ್ನು ಹೊಗಳಿ ಮುಗಿಸಿಬಿಡದೆ, ನಾಳೆ ಯಾವನೂ ತಕರಾರೆತ್ತದಂತೆ ಊರೂರನ್ನೂ ಹೆಸರಿಸಿದ ಆ ಎಚ್ಚರಿಕೆಯಲ್ಲಿಯೇ ನನಗೆ ನಿಜವಾದ ಗೌರವವು ಕಾಣುವುದು. ಅದೇ ಬೇಗೂರಿನ ಮತ್ತೊಂದು ವೀರಗಲ್ಲು ನಾಗತ್ತರನ ಮಗನು ಬೆಂಗಳೂರ ಕಾಳಗದಲ್ಲಿ ಸತ್ತುದನ್ನು ನೆನೆಯುತ್ತದೆ. ಇಂದು ಜನನಿಬಿಡವಾದ ಮಹಾನಗರದ ಹೆಸರು ನಮಗೆ ತಿಳಿದಂತೆ ಮೊತ್ತಮೊದಲು ಬರಹಕ್ಕಿಳಿದದ್ದು ಹೀಗೆ, ಒಬ್ಬ ಮಡಿದ ಭಟನ ನೆಪದಿಂದ.

ಇಂಥ ದತ್ತಿಗೆ ನಮ್ಮ ಹಿರಿಯರು ಇಟ್ಟ ಹೆಸರುಗಳನ್ನು ಬಾಯಲ್ಲಾಡಿಸಿ ನೋಡಬೇಕು. ಕತ್ತಿಯನ್ನು ತೊಳೆದು ಕೊಟ್ಟದ್ದು ಬಾಳ್ಗಳ್ಚು. ಸುರಿದ ನೆತ್ತರಿಗಾಗಿ ಉಳಿದ ಮನೆಮಂದಿಗೆ ಬಿಟ್ಟ ಹೊಲ ನೆತ್ತರುಗೊಡಗೆ. ಮಡಿದವನನ್ನು ಯಾವ ಅರಸನೂ ಮರಳಿಸಲಾರನಾದರೂ, ಅವನ ಮನೆಯ ಒಲೆ ಆರದಂತೆ ನೋಡಿಕೊಳ್ಳುವುದು ಆಳುವವನ ಋಣವೆಂಬ ತಿಳಿವು ಆ ಒಂದು ಪದದಲ್ಲಿ ಅಡಗಿದೆ.

ಈ ಮನ್ನಣೆ ನಾಯಕರಿಗಷ್ಟೇ ಮೀಸಲಾಗಿರಲಿಲ್ಲವೆಂಬುದು ನಮ್ಮ ನಾಡಿನ ಹಿರಿಮೆ. ತುರುಗೋಳಿನಲ್ಲಿ ಕಳ್ಳರನ್ನಟ್ಟಿ ಹಸುಗಳನ್ನು ಬಿಡಿಸಿದವನಿಗೂ, ಊರಳಿವಿನಲ್ಲಿ ಹೆಂಗಸರ ಮಾನ ಕಾಯಲು ನಿಂತವನಿಗೂ ಕಲ್ಲು ನಿಂತಿತು. ನಾನು ಕಂಡ ಅಂಥದೊಂದು ಕಲ್ಲಿನಲ್ಲಿ ಬರಹವೆಲ್ಲ ಮಳೆಗೆ ಸವೆದುಹೋಗಿದೆ, ವೀರನ ಮುಖವೂ ಅಳಿದಿದೆ. ಆದರೆ ಅವನ ಕಾಲಬಳಿ, ಬೆರಳುದ್ದದ ನಾಲ್ಕು ಹಸುಗಳು ಕೊಂಬು ಕೊಂಬಿಗೆ ತಾಗುವಂತೆ ಒತ್ತಿಕೊಂಡು, ಅವನ ಬೆನ್ನ ಹಿಂದಕ್ಕೆ, ಊರ ಕಡೆಗೆ ನಡೆಯುತ್ತಿವೆ.