ಕಡೇ ಆಟದ ಕರಪತ್ರ: ನಾಟಕ ಕಂಪನಿಗಳ ಅವಸಾನ ಮತ್ತು ಟಿಕೆಟ್ಟಿನ ಲೆಕ್ಕ

ಕನ್ನಡ ವೃತ್ತಿ ರಂಗಭೂಮಿಯ ಚರಿತ್ರೆ ಬರೆದವರಲ್ಲಿ ಹಲವರು ಒಂದು ಸಾಕ್ಷ್ಯವನ್ನು ತೂಗಿ ನೋಡದೆ ಒಪ್ಪಿಕೊಂಡಿದ್ದಾರೆ. ಅದು ಕಡೇ ಆಟದ ಕರಪತ್ರ. ಇನ್ನು ಮೂರೇ ಆಟ, ನಾಳೆಯೇ ಕೊನೆ, ಮಹಾಜನಗಳು ಅವಕಾಶ ಕಳೆದುಕೊಳ್ಳಬಾರದು ಎಂಬ ಧಾಟಿಯ ಹಾಳೆ ಕಂಡಿತೆಂದರೆ ಆ ಊರಿನಲ್ಲಿ ಕಂಪನಿಗೆ ಕಲೆಕ್ಷನ್ ಬಿದ್ದಿತ್ತೆಂದು ಅವರು ತೀರ್ಮಾನಿಸುತ್ತಾರೆ. ಇಂಥ ನಾಲ್ಕಾರು ತೀರ್ಮಾನಗಳನ್ನು ಒಂದರ ಮೇಲೊಂದು ಇಟ್ಟು ಟಾಕಿ ಬಂತು, ಟಿಕೆಟ್ ಬಿತ್ತು, ಕಂಪನಿ ಮುಚ್ಚಿತು ಎಂಬ ಕಥೆಯನ್ನು ಕಟ್ಟಲಾಗಿದೆ. ಪಠ್ಯಪುಸ್ತಕ, ಸ್ಮರಣ ಸಂಚಿಕೆ, ಭಾಷಣ ಎಲ್ಲದರಲ್ಲೂ ಇದೇ ಕಥೆ. ಹೇಳಲು ಸುಲಭವಾದದ್ದರಿಂದಲೇ ಅದು ಇಷ್ಟು ದಿನ ಉಳಿದಿದೆ.

ಈ ಓದಿನ ಮೊದಲ ದೋಷವೆಂದರೆ ಮೂರು ಬೇರೆ ಬೇರೆ ಘಟನೆಗಳನ್ನು ಒಂದೇ ಎಂದು ಎಣಿಸಿರುವುದು. ಒಂದು ನಾಟಕವನ್ನು ನಿಲ್ಲಿಸಿ ಇನ್ನೊಂದನ್ನು ಹಾಕುವುದು ಒಂದು. ಊರಿನಿಂದ ಕ್ಯಾಂಪ್ ಎತ್ತುವುದು ಇನ್ನೊಂದು. ಕಂಪನಿಯೇ ಬರಖಾಸ್ತಾಗುವುದು ಮತ್ತೊಂದು. ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ಈ ಮೂರೂ ಹೆಚ್ಚುಕಡಿಮೆ ಒಟ್ಟಿಗೇ ನಡೆಯುತ್ತವೆ. ಅಲ್ಲಿ ಒಂದು ಸಂಗೀತ ನಾಟಕವೇ ಒಂದು ಸಂಸ್ಥೆ, ಬಂಡವಾಳವನ್ನು ಕೂಡಿಸುವುದು ಆ ಒಂದಕ್ಕೇ, ಅದು ನಿಂತರೆ ಎಲ್ಲರೂ ಮನೆಗೆ. ಥಿಯೇಟರಿನ ಒಡೆಯನ ಕರಾರಿನಲ್ಲಿ ಗಳಿಕೆ ಇಷ್ಟಕ್ಕಿಂತ ಕೆಳಗಿಳಿದು ಸತತವಾಗಿ ಕೆಲವು ವಾರ ಅಲ್ಲೇ ನಿಂತರೆ ನಾಟಕವನ್ನು ಹೊರಗೆ ಕಳಿಸಬಹುದೆಂಬ ಷರತ್ತಿರುತ್ತದೆ. ವಾರವಾರದ ಗಳಿಕೆ ಬಹಿರಂಗವಾಗಿ ಪ್ರಕಟವಾಗುವುದರಿಂದ ಮುಂದೆ ಮುಚ್ಚುವುದು ಯಾವುದೆಂದು ಊಹಿಸುವುದು ಅಲ್ಲಿ ಒಂದು ಶಾಸ್ತ್ರದಂತೆಯೇ ಬೆಳೆದಿದೆ. ನಮ್ಮ ಕಂಪನಿಗಳದ್ದು ಬೇರೆ ಕಟ್ಟಡ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯನ್ನೇ ನೋಡಿ. ‘ಸದಾರಮೆ’ಗೆ ಜನ ಕಡಿಮೆಯಾದರೆ ‘ಕೃಷ್ಣಲೀಲೆ’ ಹಾಕುತ್ತಿದ್ದರು. ಪೆಟ್ಟಿಗೆಯಲ್ಲಿ ಹತ್ತಾರು ನಾಟಕಗಳ ಪರದೆ, ಉಡುಪು ಸಿದ್ಧವಾಗಿರುತ್ತಿದ್ದವು. ಅಂಥ ಕಂಪನಿಯ ಒಂದು ನಾಟಕದ ಕಡೇ ಆಟದಿಂದ ಕಂಪನಿಯ ಆಯಸ್ಸನ್ನು ಅಳೆಯಲು ಬರುವುದಿಲ್ಲ.

ಇನ್ನು ಕರಪತ್ರದ ಮಾತು. ಅದನ್ನು ಸೋಲಿನ ದಾಖಲೆಯೆಂದು ಓದುವವರು ಅದು ಯಾರಿಗಾಗಿ ಅಚ್ಚಾಯಿತು ಎಂದು ಕೇಳಿಕೊಂಡಿಲ್ಲ. ಜಟಕಾ ಗಾಡಿಯ ಮೇಲೆ ತಮಟೆಯೊಂದಿಗೆ ಊರೂರಿಗೆ ಹೋಗಿ ಹಂಚುತ್ತಿದ್ದ ಆ ಹಾಳೆಯ ಕೆಲಸ ಟಿಕೆಟ್ ಮಾರುವುದು. ನಾಳೆ ನೋಡೋಣ, ನಾಡಿದ್ದು ನೋಡೋಣ ಎಂದು ಕಾಲ ತಳ್ಳುತ್ತಿದ್ದವರನ್ನು ಎಬ್ಬಿಸಿ ಗೇಟಿಗೆ ತರುವ ಉಪಾಯ ಅದು. ಆದ್ದರಿಂದ ಕಡೇ ಆಟದ ಘೋಷಣೆ ಗಳಿಕೆ ಬಿದ್ದುದರ ಫಲವೂ ಆಗಿರಬಹುದು, ಗಳಿಕೆ ಏರುವುದರ ಕಾರಣವೂ ಆಗಿರಬಹುದು. ಹಾಳೆಯನ್ನಷ್ಟೇ ನೋಡಿ ಎರಡರಲ್ಲಿ ಯಾವುದೆಂದು ಹೇಳಲಾಗದು.

ಇದು ಬರೀ ತರ್ಕವಲ್ಲವೆಂಬುದಕ್ಕೆ ಇತ್ತೀಚಿನ, ಅಂಕಿಅಂಶ ಸಮೇತ ಸಿಗುವ ನಿದರ್ಶನವೊಂದಿದೆ. ‘ದಿ ಫ್ಯಾಂಟಮ್ ಆಫ್ ದಿ ಅಪೆರಾ’ ಬ್ರಾಡ್‌ವೇಯಲ್ಲಿ 1988ರ ಜನವರಿಯಲ್ಲಿ ಆರಂಭವಾಯಿತು. ಕೋವಿಡ್ ನಂತರ ಗಳಿಕೆ ಇಳಿದು, ಖರ್ಚು ಏರಿ, 2023ರ ಫೆಬ್ರವರಿ 18ಕ್ಕೆ ಮುಚ್ಚುವುದಾಗಿ 2022ರ ಸೆಪ್ಟೆಂಬರಿನಲ್ಲಿ ಘೋಷಿಸಿದರು. ಘೋಷಣೆ ಹೊರಬಿದ್ದದ್ದೇ ತಡ, ಟಿಕೆಟ್ಟಿಗೆ ಜನ ಮುಗಿಬಿದ್ದರು. ಕೊನೆಯ ದಿನವನ್ನು ಎಂಟು ವಾರ ಮುಂದೂಡಿ ಏಪ್ರಿಲ್ 16ಕ್ಕೆ ಇಟ್ಟರು. 13,981 ಪ್ರಯೋಗಗಳ ಆ ದೀರ್ಘ ಓಟದಲ್ಲಿ ಅತಿ ಹೆಚ್ಚು ಹಣ ತಂದ ವಾರಗಳು ಬಂದದ್ದು ಸಾಯುವುದಾಗಿ ಸಾರಿದ ಮೇಲೆ. ಇನ್ನೂರು ವರ್ಷದ ನಂತರದ ಸಂಶೋಧಕನ ಕೈಗೆ ಆ ಕೊನೆಯ ವಾರಗಳ ಗಳಿಕೆಯ ಪಟ್ಟಿ ಮಾತ್ರ ಸಿಕ್ಕಿತೆಂದುಕೊಳ್ಳೋಣ. ಇಷ್ಟು ಹಣ ಬರುತ್ತಿದ್ದ ನಾಟಕ ಮುಚ್ಚಿದ್ದೇಕೆಂದು ಅವನು ಕಂಗಾಲಾಗುತ್ತಾನೆ. ನಮ್ಮ ಚರಿತ್ರಕಾರರ ತಪ್ಪು ಇದರ ತಿರುಗುಮುರುಗು: ಘೋಷಣೆ ಸಿಕ್ಕಿದೆ, ಗಳಿಕೆ ಸಿಕ್ಕಿಲ್ಲ, ಆದರೂ ಗಳಿಕೆಯ ಬಗ್ಗೆ ತೀರ್ಪು ಬರೆದಿದ್ದಾರೆ.

ಈ ಪ್ರಶ್ನೆಯನ್ನು ಪರೀಕ್ಷಿಸಲು ಬೆಂಗಳೂರಿಗಿಂತ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರದಂಥ ತಾಲ್ಲೂಕು ಕೇಂದ್ರಗಳೇ ಉತ್ತಮ. (ವೃತ್ತಿ ರಂಗಭೂಮಿಯೆಂದರೆ ಬೆಂಗಳೂರಿನ ಮೈದಾನಗಳು, ಮೈಸೂರಿನ ಅರಮನೆ, ಹುಬ್ಬಳ್ಳಿ-ಧಾರವಾಡ ಇಷ್ಟೇ ಎಂದು ಬರೆಯುವ ಅಭ್ಯಾಸ ಇನ್ನೂ ಹೋಗಿಲ್ಲ. ಕಂಪನಿಗಳಿಗೆ ವರ್ಷದ ಅನ್ನ ಹುಟ್ಟುತ್ತಿದ್ದುದು ಸಣ್ಣ ಊರುಗಳ ಕ್ಯಾಂಪುಗಳಲ್ಲೂ ಹೌದು.) ನಂಜನಗೂಡಿನ ದೊಡ್ಡ ಜಾತ್ರೆ ಫಾಲ್ಗುಣದಲ್ಲಿ. ಗಣಪತಿ, ಚಂಡಿಕೇಶ್ವರ, ಶ್ರೀಕಂಠೇಶ್ವರ, ಪಾರ್ವತಿ, ಸುಬ್ರಹ್ಮಣ್ಯ ಎಂದು ಐದು ತೇರು ಎಳೆಯುವ ಆ ದಿನಗಳಲ್ಲಿ ಊರಿಗೆ ಬರುವ ಜನ ಊರಿನ ಜನಸಂಖ್ಯೆಯನ್ನೇ ಮೀರುತ್ತಾರೆ. ನರಸೀಪುರ ತಾಲ್ಲೂಕಿನ ಮುಡುಕುತೊರೆಯಲ್ಲಿ ಮಲ್ಲಿಕಾರ್ಜುನನ ಜಾತ್ರೆ ಮಾಘದಲ್ಲಿ, ದನಗಳ ಪರಿಷೆಯ ಸಮೇತ. ಅದಕ್ಕೆ ಸ್ವಲ್ಪ ಮುಂಚೆ ಮಾಧವಮಂತ್ರಿ ಅಣೆಕಟ್ಟೆಯ ನಾಲೆ ಬಯಲಿನಲ್ಲಿ ಭತ್ತದ ಸುಗ್ಗಿ. ರೈತನ ಕೈಯಲ್ಲಿ ಕಾಸು ಇರುವ ಕಾಲವೂ ಇದೇ.

ಜಾತ್ರೆಯನ್ನು ನಂಬಿ ಹೂಡಿದ ಕ್ಯಾಂಪಿನ ಗಳಿಕೆ ಏರಿ, ತುದಿ ಮುಟ್ಟಿ, ಜಾತ್ರೆ ಮುಗಿದ ಮೇಲೆ ಸಹಜವಾಗಿಯೇ ಇಳಿಯುತ್ತದೆ. ಚೆನ್ನಾಗಿ ಲೆಕ್ಕ ಬಲ್ಲ ಮ್ಯಾನೇಜರ್ ಇಳಿಯುವ ತನಕ ಕಾಯುವುದಿಲ್ಲ, ತೇರಿನ ಜನ ಇನ್ನೂ ಊರಿನಲ್ಲಿರುವಾಗಲೇ ಕಡೇ ಆಟ ಸಾರಿ ಹೊರಡುತ್ತಾನೆ. ಈ ಲೆಕ್ಕದಲ್ಲಿ ಜಾತ್ರೆಯ ವಾರದ ಕಡೇ ಆಟದ ಕರಪತ್ರ ತುಂಬಿದ ಗಲ್ಲಾಪೆಟ್ಟಿಗೆಯ ಗುರುತು. ಆಷಾಢದಲ್ಲಿ, ಮಳೆ ತಗಡಿನ ಮೇಲೆ ಬಡಿಯುವ ಕಾಲದಲ್ಲಿ ಹೊರಟ ಅದೇ ಒಕ್ಕಣೆಯ ಕರಪತ್ರಕ್ಕೆ ಬೇರೆಯೇ ಅರ್ಥ. ತಿಂಗಳು, ತಿಥಿ ನೋಡದೆ ಕರಪತ್ರಗಳನ್ನು ಕೂಡಿ ಕಳೆದು ಸಿದ್ಧಾಂತ ಹೇಳಿದವರು ಈ ಭೇದವನ್ನು ಅಳಿಸಿಹಾಕಿದ್ದಾರೆ.

ಎರಡು ಊರುಗಳ ನಡುವೆ ಇನ್ನೊಂದು ವ್ಯತ್ಯಾಸವಿದೆ, ಅದನ್ನು ಯಾರೂ ಗಣನೆಗೇ ತೆಗೆದುಕೊಂಡಿಲ್ಲ. ಮೈಸೂರಿನಿಂದ ನಂಜನಗೂಡಿಗೆ ರೈಲು ಬಂದದ್ದು 1891ರಲ್ಲಿ, ಮುಂದೆ ಚಾಮರಾಜನಗರಕ್ಕೆ ಹೋದದ್ದು 1926ರಲ್ಲಿ. ನರಸೀಪುರಕ್ಕೆ ಇವತ್ತಿಗೂ ರೈಲಿಲ್ಲ. ಪರದೆ, ಸೈಡ್ ವಿಂಗು, ಕಿರೀಟದ ಪೆಟ್ಟಿಗೆ, ಹಾರ್ಮೋನಿಯಂ, ಅಡುಗೆ ಪಾತ್ರೆ, ಥಿಯೇಟರಿನ ತಗಡು, ಗಳು ಎಲ್ಲವನ್ನೂ ಹೊತ್ತು ಊರೂರು ತಿರುಗುವ ಕಂಪನಿಗೆ ಗೂಡ್ಸ್ ವ್ಯಾಗನ್ನಿಗೂ ಎತ್ತಿನ ಗಾಡಿ, ಲಾರಿಗಳಿಗೂ ಇರುವ ಖರ್ಚಿನ ಅಂತರ ಸಣ್ಣದಲ್ಲ. ಎರಡೂ ಊರಿನಲ್ಲಿ ಗೇಟಿಗೆ ಬಂದ ಹಣ ಒಂದೇ ಆಗಿದ್ದರೂ ಒಂದರಲ್ಲಿ ಲಾಭ, ಇನ್ನೊಂದರಲ್ಲಿ ನಷ್ಟ ಆಗಬಹುದು. ಕಂಪನಿ ಸಾಯುವುದು ಖರ್ಚು ಕಳೆದು ಉಳಿದದ್ದರಲ್ಲಿ. ಟಿಕೆಟ್ಟಿನ ಪುಸ್ತಕ ಅದರ ಒಂದು ಬದಿಯನ್ನು ಮಾತ್ರ ಹೇಳುತ್ತದೆ. ಆಟ ಇರಲಿ ಇಲ್ಲದಿರಲಿ, ಕಂಪನಿ ಮನೆಯಲ್ಲಿ ಎಲ್ಲರಿಗೂ ದಿನಕ್ಕೆ ಎರಡು ಹೊತ್ತು ಎಲೆ ಹಾಕಲೇಬೇಕಿತ್ತು ಎಂಬುದನ್ನು ಮರೆತು ಕಂಪನಿಯ ಲೆಕ್ಕ ಮಾಡಲು ಹೋಗಬಾರದು.

ಗೇಟಿನ ಲೆಕ್ಕವಾದರೂ ಶುದ್ಧವೇ? ನೆಲ, ಬೆಂಚು, ಕುರ್ಚಿ, ಹೆಂಗಸರ ಜಾಗ ಎಂದು ದರಗಳೇ ಬೇರೆ. ನೆಲ ಕಿಕ್ಕಿರಿದು ಕುರ್ಚಿ ಖಾಲಿಯಿದ್ದ ರಾತ್ರಿ, ಕುರ್ಚಿ ತುಂಬಿ ನೆಲ ಅರ್ಧವಿದ್ದ ರಾತ್ರಿಗಿಂತ ಬಡವಾಗಿರಬಹುದು. ಅಧಿಕಾರಿಗಳ ಮನೆಯವರಿಗೆ, ಊರಿನ ಗಣ್ಯರಿಗೆ ಪಾಸು. ಇದೆಲ್ಲಕ್ಕೂ ಮೀರಿದ್ದು ಸಹಾಯಾರ್ಥ ಪ್ರದರ್ಶನ. ಎ.ವಿ. ವರದಾಚಾರ್ಯರ ಮೈಸೂರಿನ ರತ್ನಾವಳಿ ಕಂಪನಿಯ ಪ್ರಸಂಗ ಇಲ್ಲಿ ನಿರ್ಣಾಯಕ. ಅವರ ಕಂಠಕ್ಕೆ ಥಿಯೇಟರು ತುಂಬುತ್ತಿತ್ತು ಎಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಆದರೂ ಕೊನೆಗಾಲದಲ್ಲಿ ಅವರನ್ನು ಸಾಲ ಕಾಡಿತು. ತುಂಬಿದ ಥಿಯೇಟರಿನ ಹಣವನ್ನು ಅವರು ಶಾಲೆಗೆ, ಸಂಘ ಸಂಸ್ಥೆಗಳಿಗೆ ಉದಾರವಾಗಿ ಕೊಟ್ಟರು. ಈ ಉದಾರತೆಯನ್ನು ವ್ಯವಹಾರ ತಿಳಿಯದ ದೌರ್ಬಲ್ಯವೆಂದು ಬರೆಯುವವರಿದ್ದಾರೆ. ಆ ಮಾತನ್ನು ಒಪ್ಪಲಾಗುವುದಿಲ್ಲ. ಊರಿನ ಶಾಲೆಗೆ ಒಂದಾಟ ಕೊಟ್ಟ ಕಂಪನಿಗೆ ಮರುವರ್ಷ ಆ ಊರಿನ ಬಾಗಿಲು ತೆರೆದಿರುತ್ತಿತ್ತು. ಅದು ಗಲ್ಲಾಪೆಟ್ಟಿಗೆಯಲ್ಲಿ ಕಾಣದ ಬಂಡವಾಳ.

ವರದಾಚಾರ್ಯರು ತೀರಿಕೊಂಡದ್ದು 1926ರಲ್ಲಿ. ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನಾ’ ತೆರೆಗೆ ಬಂದದ್ದು 1934ರ ಮಾರ್ಚ್‌ನಲ್ಲಿ. ರತ್ನಾವಳಿಯ ವೈಭವ ಇಳಿದುದಕ್ಕೆ ಎಂಟು ವರ್ಷ ತಡವಾಗಿ ಬಂದ ಟಾಕಿಯನ್ನು ಹೊಣೆ ಮಾಡಲು ಹೇಗೂ ಬರುವುದಿಲ್ಲ. ಅದೇ 1934ರಲ್ಲಿ ಗುಬ್ಬಿ ವೀರಣ್ಣನವರು ಆನೆ, ಕುದುರೆಗಳನ್ನು ತಂದು ‘ಕುರುಕ್ಷೇತ್ರ’ ಆಡಿಸಿದರು. ಟಾಕಿಯ ಮೊದಲ ವರ್ಷವೇ ಕಂಪನಿ ನಾಟಕದ ಅತಿ ದೊಡ್ಡ ಸಾಹಸದ ವರ್ಷವೂ ಹೌದು. ಎಂಟು ವರ್ಷದ ಮೇಲೆ, ‘ಸುಭದ್ರಾ’, ‘ಜೀವನ ನಾಟಕ’ದಂಥ ಟಾಕಿಗಳು ತೆರೆಯ ಮೇಲಿದ್ದ ಕಾಲದಲ್ಲೇ, ಕೆ. ಹಿರಣ್ಣಯ್ಯನವರು ಮಿತ್ರಮಂಡಳಿ ಎಂಬ ನಾಟಕ ಕಂಪನಿ ಕಟ್ಟಿದರು. ಅದೇ ಹಿರಣ್ಣಯ್ಯನವರು 1943ರಲ್ಲಿ ತಿರುಮಕೂಡಲಿನ ಹೆಮ್ಮೆಯಾದ ಪಿಟೀಲು ಚೌಡಯ್ಯನವರ ‘ವಾಣಿ’ ಚಿತ್ರವನ್ನು ನಿರ್ದೇಶಿಸಿದರು. ‘ಸತಿ ಸುಲೋಚನಾ’ದಲ್ಲಿ ನಟಿಸಿದ ಸುಬ್ಬಯ್ಯ ನಾಯ್ಡು, ನಾಗೇಂದ್ರರಾಯರು ಕಂಪನಿಯವರೇ. ವೀರಣ್ಣನವರು ತಾವೇ ಚಿತ್ರ ತೆಗೆದರು. ಸಿನಿಮಾ ಮತ್ತು ನಾಟಕವನ್ನು ಎದುರುಬದುರು ನಿಲ್ಲಿಸಿದ ಎರಡು ಸೈನ್ಯಗಳೆಂದು ಚಿತ್ರಿಸುವವರು ಈ ಹೆಸರುಗಳನ್ನು ಯಾವ ಪಾಳೆಯದಲ್ಲಿಡುತ್ತಾರೆ?

ಟಾಕಿಯಿಂದ ಪೆಟ್ಟೇ ಬೀಳಲಿಲ್ಲವೆಂದು ವಾದಿಸುತ್ತಿಲ್ಲ. ಪೆಟ್ಟು ಬಿತ್ತು. ಅದರ ದಾರಿ ಮಾತ್ರ ಬೇರೆ. ಪ್ರೇಕ್ಷಕನಿಗಿಂತ ಮೊದಲು ನಟ ಹೋದ. ಹಾಡಬಲ್ಲ, ಮಾತಾಡಬಲ್ಲ ನಟನನ್ನು ಚಿತ್ರೋದ್ಯಮ ಒಬ್ಬೊಬ್ಬನನ್ನಾಗಿ ಎಳೆದುಕೊಂಡಿತು. ಗುಬ್ಬಿ ಕಂಪನಿಯಲ್ಲಿ ಪಳಗಿದ ರಾಜ್‌ಕುಮಾರ್ 1954ರ ‘ಬೇಡರ ಕಣ್ಣಪ್ಪ’ದಿಂದ ನಾಯಕರಾದರು. ಉತ್ತಮ ನಟ ಹೋದ ಮೇಲೆ ಟಿಕೆಟ್ ಇಳಿದಿದ್ದರೆ ಆ ಇಳಿತ ರೋಗದ ಲಕ್ಷಣ, ಮೂಲವಲ್ಲ.

ಹಾಗಾದರೆ ಕಂಪನಿಯ ಅಳಿವನ್ನು ಮುಂಚಿತವಾಗಿ ಹೇಳಬಲ್ಲ ಸಂಗತಿ ಯಾವುದು? ತಾರೀಖುಗಳನ್ನು ಜೋಡಿಸಿದರೆ ಒಡೆಯನ ಮರಣ ಎದ್ದು ಕಾಣುತ್ತದೆ. 1926ರ ನಂತರ ರತ್ನಾವಳಿಗೆ ಮೊದಲಿನ ಕಳೆ ಮರಳಲಿಲ್ಲ. 1937ರಲ್ಲಿ ಮಹಮದ್ ಪೀರ್ ಚಿಕ್ಕ ವಯಸ್ಸಿನಲ್ಲೇ ಹೋದರು, ‘ಗೌತಮ ಬುದ್ಧ’, ‘ಷಹಜಹಾನ್’ ನಾಟಕಗಳಿಂದ ಹೆಸರಾಗಿದ್ದ ಅವರ ಕಂಪನಿಯ ಎತ್ತರವೂ ಅವರೊಂದಿಗೇ ಹೋಯಿತು. 1953ರಲ್ಲಿ ಕೆ. ಹಿರಣ್ಣಯ್ಯನವರು ಹೋದಾಗ ಮಾತ್ರ ಬೇರೆ ರೀತಿ ಆಯಿತು. ಮಗ ಮಾಸ್ಟರ್ ಹಿರಣ್ಣಯ್ಯ ಮಂಡಳಿಯನ್ನು ಮತ್ತೆ ಎತ್ತಿ ನಿಲ್ಲಿಸಿದರು, ‘ಲಂಚಾವತಾರ’ ದಶಕಗಳ ಕಾಲ ಆಡಿತು, ಅದೂ ಸಿನಿಮಾದ ಸುವರ್ಣ ಕಾಲದಲ್ಲೇ. ಇಲ್ಲಿ ಟಿಕೆಟ್ಟಿನ ವಾದ ಸಂಪೂರ್ಣ ಕುಸಿಯುತ್ತದೆ. ಒಂದೇ ಊರು, ಅದೇ ಪ್ರೇಕ್ಷಕರು, ಅದೇ ಟಾಕಿಯ ಪೈಪೋಟಿ. ವಾರಸುದಾರ ಇದ್ದ ಕಂಪನಿ ಉಳಿಯಿತು, ಇಲ್ಲದ್ದು ಹೋಯಿತು.

ಅಮೆರಿಕದ ಅಧ್ಯಯನಗಳೂ ಟಿಕೆಟ್ಟಿಗೆ ಪೂರ್ಣ ಅಧಿಕಾರ ಕೊಡುವುದಿಲ್ಲ. ಜೆಫ್ರಿ ಸಿಮೊನಾಫ್ ಮತ್ತು ಲಾನ್ ಮಾ 2003ರಲ್ಲಿ ಪ್ರಕಟಿಸಿದ ಸಂಶೋಧನೆ, ರೋಗಿಗಳ ಆಯುರ್ಮಾನ ಅಳೆಯುವ ಸಂಖ್ಯಾಶಾಸ್ತ್ರದ ವಿಧಾನವನ್ನೇ ಬ್ರಾಡ್‌ವೇ ನಾಟಕಗಳಿಗೆ ಅನ್ವಯಿಸಿತು. ಮುಖ್ಯ ಟೋನಿ ಪ್ರಶಸ್ತಿ ಗೆದ್ದ ನಾಟಕ ಹೆಚ್ಚು ದಿನ ಬಾಳುತ್ತದೆ, ನಾಮನಿರ್ದೇಶನಗೊಂಡು ಸೋತದ್ದಕ್ಕೆ ಅದರಿಂದಲೇ ಹಾನಿಯಾಗಬಹುದು ಎಂದು ಅವರು ಕಂಡುಕೊಂಡರು. ನಮ್ಮಲ್ಲಿ ಈ ಬಗೆಯ ಕೆಲಸ ಯಾರೂ ಕೈಗೆತ್ತಿಕೊಳ್ಳದಿರುವುದು ದುಃಖದ ಸಂಗತಿ. ವೀರಣ್ಣನವರ ‘ಕಲೆಯೇ ಕಾಯಕ’, ರಂಗನಟ ಏಣಗಿ ಬಾಳಪ್ಪನವರ ಆತ್ಮಕಥನ ಇಂಥವುಗಳನ್ನು ರಸವತ್ತಾದ ಪ್ರಸಂಗಗಳಿಗಾಗಿ ಮಾತ್ರ ಓದಲಾಗಿದೆ, ಕಂಪನಿಯ ಲೆಕ್ಕಕ್ಕಾಗಿ ಅಲ್ಲ.

ಟಿಕೆಟ್ಟಿಲ್ಲದ ನಾಟಕದ ಚರಿತ್ರೆಯೂ ಕಂಪನಿಗಳ ಚರಿತ್ರೆಗೆ ಅಂಟಿಕೊಂಡೇ ಇದೆ. ನಂಜನಗೂಡು, ನರಸೀಪುರ ಸೀಮೆಯ ಹಳ್ಳಿಗಳಲ್ಲಿ ಹಬ್ಬ, ಜಾತ್ರೆಗೆ ಈಗಲೂ ‘ಕುರುಕ್ಷೇತ್ರ’, ‘ಸಂಪೂರ್ಣ ರಾಮಾಯಣ’ ಬೆಳಗಿನ ತನಕ ನಡೆಯುತ್ತವೆ. ಪ್ರವೇಶ ಉಚಿತ. ಹಣ ಹಾಕುವವರು ಪಾತ್ರಧಾರಿಗಳು; ದುರ್ಯೋಧನನ ಪಾತ್ರಕ್ಕೆ ಹೆಚ್ಚು, ಸಣ್ಣ ಪಾತ್ರಕ್ಕೆ ಕಡಿಮೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕಲಿಸುತ್ತಾರೆ, ಸೀನರಿ ಬಾಡಿಗೆಗೆ ಬರುತ್ತದೆ, ಸ್ತ್ರೀ ಪಾತ್ರಕ್ಕೆ ಕಲಾವಿದೆಯರನ್ನು ಹೊರಗಿನಿಂದ ಕರೆಸುತ್ತಾರೆ. ಮಟ್ಟುಗಳಲ್ಲೂ ಮಾತಿನ ವರಸೆಯಲ್ಲೂ ಕಂಪನಿ ನಾಟಕದ ನೇರ ವಾರಸಿಕೆ ಇದೆ. ಇದನ್ನು ಹವ್ಯಾಸಿಗಳ ಅನುಕರಣೆಯೆಂದು ಬದಿಗೆ ಸರಿಸಿ, ಕಂಪನಿಗಳು ಸತ್ತವೆಂದು ಶೋಕಿಸುವ ಚರಿತ್ರಕಾರರು ತಮ್ಮ ಮುಂದಿರುವ ಅತಿ ಮುಖ್ಯ ಆಧಾರವನ್ನೇ ಕೈಬಿಟ್ಟಿದ್ದಾರೆ. ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ತಮ್ಮ ತಂಡದಿಂದ ‘ಸದಾರಮೆ’ಯನ್ನು ಮತ್ತೆ ರಂಗಕ್ಕೆ ತಂದದ್ದೂ ಇದೇ ಮಾತನ್ನು ಇನ್ನೊಂದು ಕಡೆಯಿಂದ ಹೇಳುತ್ತದೆ.

ಒಂದು ಬಗೆಯ ಕಂಪನಿಗೆ ಮಾತ್ರ ಹಳೆಯ ವಾದವನ್ನು ಬಿಟ್ಟುಕೊಡಬೇಕು. ಸಾಲ ತಂದು ಹೊಸದಾಗಿ ಕಟ್ಟಿದ, ಒಂದೋ ಎರಡೋ ನಾಟಕ ಮಾತ್ರ ಸಿದ್ಧವಿರುವ, ನಟರಿಗೆಲ್ಲ ಅಡ್ವಾನ್ಸ್ ಕೊಟ್ಟು ಕೈ ಬರಿದಾದ ಕಂಪನಿ ಅದು. ಅದಕ್ಕೆ ಬದಲಿಗೆ ಹಾಕಲು ನಾಟಕವಿಲ್ಲ, ಹಿಂದಿನ ಕ್ಯಾಂಪಿನ ಉಳಿಕೆಯಿಲ್ಲ, ಸಾಲ ಕೊಟ್ಟವನು ಗೇಟಿನಲ್ಲೇ ನಿಂತಿರುತ್ತಾನೆ. ಅಂಥದಕ್ಕೆ ಮೊದಲ ಕ್ಯಾಂಪಿನ ಮೊದಲ ಎರಡು ವಾರದ ಕಲೆಕ್ಷನ್ ನಿಜವಾಗಿಯೂ ಜಾತಕವೇ. ಎಷ್ಟೋ ಸಣ್ಣ ಕಂಪನಿಗಳು ಹೀಗೆ ಹುಟ್ಟಿದ ವರ್ಷವೇ ಅಳಿದುಹೋದವು. ಅವುಗಳ ಕರಪತ್ರಗಳನ್ನು ಗುಬ್ಬಿಯ, ರತ್ನಾವಳಿಯ ಕರಪತ್ರಗಳ ಕಟ್ಟಿನಿಂದ ಬೇರ್ಪಡಿಸಿ, ಪ್ರತಿಯೊಂದರ ಮೇಲೂ ಊರು, ತಿಂಗಳು, ಹತ್ತಿರದ ಜಾತ್ರೆ, ರೈಲು ಇತ್ತೇ ಇಲ್ಲವೇ ಎಂಬುದನ್ನು ಗುರುತು ಹಾಕುತ್ತ ಹೋಗುವುದು ಮುಂದಿನ ಕೆಲಸ.