ಹದಿನೆಂಟು ಸಲ ಬರೆದ ಒಂದು ಮುಖ

ಮುಂಬಯಿಯ ಜಹಾಂಗೀರ್ ಆರ್ಟ್ ಗ್ಯಾಲರಿಯ ಹೊರಗೆ ಫುಟ್‌ಪಾತಿನಲ್ಲಿ ಕುಳಿತ ಕಲಾವಿದರು ಸ್ವಲ್ಪ ಹೊತ್ತಿನಲ್ಲೇ ಎದುರಿದ್ದವರ ಮುಖವನ್ನು ಕಾಗದಕ್ಕಿಳಿಸುವುದನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರುತ್ತೀರಿ. 1964ರ ಸೆಪ್ಟೆಂಬರಿನಲ್ಲಿ ಪ್ಯಾರಿಸ್ಸಿನ ಒಂದು ಸ್ಟುಡಿಯೋದಲ್ಲಿ ಚಿತ್ರಕ್ಕೆಂದು ಕುಳಿತ ಅಮೆರಿಕದ ಲೇಖಕ ಜೇಮ್ಸ್ ಲಾರ್ಡ್ ಕೂಡ ಇದು ಒಂದು ಮಧ್ಯಾಹ್ನದ ಕೆಲಸ ಎಂದೇ ನಂಬಿದ್ದರು. ಆದರೆ ಅವರು ಕೂರಬೇಕಾದದ್ದು ಒಂದಲ್ಲ, ಎರಡಲ್ಲ, ಹದಿನೆಂಟು ಸಲ!

ಚಿತ್ರ ಬರೆಯುತ್ತಿದ್ದವರು ಆಲ್ಬೆರ್ಟೊ ಜಿಯಾಕೊಮೆಟ್ಟಿ. ಕಡ್ಡಿಯಂತೆ ಸಪೂರವಾದ ಮನುಷ್ಯಾಕೃತಿಗಳ ಶಿಲ್ಪಗಳಿಂದ ಜಗತ್ತಿಗೆಲ್ಲ ಗೊತ್ತಾಗಿದ್ದ ಸ್ವಿಸ್ ಕಲಾವಿದ. 1962ರಲ್ಲಿ ವೆನಿಸ್ ಬಿಯೆನಾಲೆಯ ದೊಡ್ಡ ಬಹುಮಾನವೂ ಬಂದಿತ್ತು. ಮರುವರ್ಷ ಹೊಟ್ಟೆಯ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾಯಿತು. ಹೆಸರು, ಹಣ ಎಲ್ಲ ಇದ್ದರೂ ಕೆಲಸ ಮಾತ್ರ ದಶಕಗಳ ಹಿಂದೆ ಹಿಡಿದ ಅದೇ ಇಕ್ಕಟ್ಟಾದ, ಧೂಳು ತುಂಬಿದ ಕೋಣೆಯಲ್ಲಿ. ಕುರ್ಚಿಯ ಕಾಲುಗಳು ಒಂದಿಷ್ಟೂ ಅತ್ತಿತ್ತ ಆಗಬಾರದೆಂದು ನೆಲದ ಮೇಲೆ ಕೆಂಪು ಗುರುತು ಹಾಕಿಟ್ಟಿದ್ದರು.

ಪ್ರತಿದಿನ ನಡೆಯುತ್ತಿದ್ದದ್ದು ಇಷ್ಟು. ಸಣ್ಣ ಕುಂಚದಿಂದ ಕಪ್ಪು ಗೆರೆಗಳನ್ನೆಳೆದು ತಲೆಯನ್ನು ಕಟ್ಟುತ್ತಾ ಹೋಗುವರು. ಕಣ್ಣು, ಮೂಗು ನಿಧಾನವಾಗಿ ಮೂಡುವುವು. ನೋಡುವವರಿಗೆ 'ಆಹಾ, ಬಂತು' ಎನ್ನಿಸುವಷ್ಟರಲ್ಲಿ ದೊಡ್ಡ ಕುಂಚಕ್ಕೆ ಬೂದು, ಬಿಳಿ ಬಣ್ಣ ಅದ್ದಿ ಎಲ್ಲವನ್ನೂ ಅಳಿಸಿಬಿಡುವರು! ಜಲವರ್ಣದಲ್ಲಾದರೆ ಕಾಗದವೇ ಹಾಳಾದೀತು. ತೈಲವರ್ಣ ಬೇಗ ಒಣಗುವುದಿಲ್ಲ, ಹಸಿಯ ಮೇಲೆ ಹಸಿ ಬಳಿಯಬಹುದು. ಆ ಅನುಕೂಲವೇ ಇಲ್ಲಿ ಪೀಡೆಯಾಯಿತು. ನಾವು ಹಳೆಯ ಟೇಪಿನ ಮೇಲೆ ಹೊಸ ಕಾರ್ಯಕ್ರಮ ಧ್ವನಿಮುದ್ರಿಸಿದ ಹಾಗೆ, ನಿನ್ನೆಯದು ಹೋಯಿತು ಎಂದರೆ ಹೋಯಿತು.

ತನಗೆ ಏನೂ ಬರುವುದಿಲ್ಲ, ಒಂದು ತಲೆಯನ್ನು ಕಂಡ ಹಾಗೆ ಬರೆಯುವುದು ಅಸಾಧ್ಯ ಎಂದು ಜಿಯಾಕೊಮೆಟ್ಟಿ ಗೊಣಗುತ್ತಿದ್ದರು, ಬೈದುಕೊಳ್ಳುತ್ತಿದ್ದರು. ನಡುವೆ, ನೀನು ರೌಡಿಯ ಹಾಗೆ ಕಾಣುತ್ತೀಯ ಎಂದು ಲಾರ್ಡ್‌ರನ್ನು ಚೇಡಿಸುವುದೂ ಇತ್ತು. ಇದು ದೊಡ್ಡವರ ಸೋಗು ಎಂದು ನೀವು ಕೇಳಬಹುದು. ನನಗೆ ಹಾಗನ್ನಿಸುವುದಿಲ್ಲ. ಸೋಗಿಗಾಗಿ ಯಾರೂ ಅಷ್ಟು ಒಳ್ಳೆಯ ಕೆಲಸವನ್ನು ದಿನವೂ ಕೆಡಿಸುವುದಿಲ್ಲ. ಜಪಾನಿನ ಪ್ರಾಧ್ಯಾಪಕ ಇಸಾಕು ಯನೈಹರ ಅವರೂ 1956ರಲ್ಲಿ ಹೀಗೆಯೇ ಸಿಕ್ಕಿಕೊಂಡು ಊರಿಗೆ ಮರಳುವುದನ್ನು ಮುಂದೂಡುತ್ತಾ ಹೋಗಿದ್ದರು.

ಲಾರ್ಡ್ ಕೂಡ ನ್ಯೂಯಾರ್ಕಿನ ಪ್ರಯಾಣವನ್ನು ಮತ್ತೆ ಮತ್ತೆ ಮುಂದೆ ಹಾಕಿದರು. ಆದರೆ ಅವರು ಸುಮ್ಮನೆ ಕೂರಲಿಲ್ಲ. ಆಡಿದ ಮಾತುಗಳನ್ನು ಬರೆದಿಟ್ಟರು. ಕ್ಯಾನ್ವಾಸನ್ನು ಬೆಳಕಿಗೆ ತಂದು ದಿನದಿನದ ಸ್ಥಿತಿಯ ಫೋಟೋ ತೆಗೆದರು. ಹಾಗೆ ಗಮನಿಸುತ್ತಾ ಅವರಿಗೆ ಒಂದು ಲಯ ಹೊಳೆಯಿತು: ಕಟ್ಟುವುದು, ಕೆಡಹುವುದು, ಮತ್ತೆ ಕಟ್ಟುವುದು. ಯಾವ ಕುಂಚ ಕೈಗೆ ಬಂದರೆ ಮುಂದೆ ಏನಾಗುತ್ತದೆ ಎಂಬುದೂ ತಿಳಿಯಿತು. ಕೊನೆಯ ದಿನ ಮುಖ ಚೆನ್ನಾಗಿ ಮೂಡಿ ನಿಂತಿದ್ದಾಗ, ಅಳಿಸುವ ಕುಂಚ ಮತ್ತೆ ಕೆಲಸಕ್ಕಿಳಿಯುವ ಮೊದಲೇ ಎದ್ದುನಿಂತು, ಇನ್ನು ಸಾಕು ಎಂದರು. ಜಿಯಾಕೊಮೆಟ್ಟಿ ಒಪ್ಪಿಕೊಂಡರು. ಇನ್ನೂ ಮುಂದೆ ಹೋಗಬಹುದಿತ್ತು ಎಂಬ ಕೊರಗು ಮಾತ್ರ ಉಳಿಯಿತು.

ಈ ದಿನಚರಿ 1965ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಿಂದ ಪುಟ್ಟ ಪುಸ್ತಕವಾಗಿ ಬಂತು. 1966ರ ಜನವರಿಯಲ್ಲಿ ಜಿಯಾಕೊಮೆಟ್ಟಿ ತೀರಿಕೊಂಡರು. 2017ರಲ್ಲಿ ಇದೇ ಕಥೆ 'ಫೈನಲ್ ಪೋರ್ಟ್ರೇಟ್' ಎಂಬ ಸಿನಿಮಾ ಆಯಿತು. ಕಲಾವಿದನಾಗಿ ಜೆಫ್ರಿ ರಶ್ ಇದ್ದಾರೆ, ಸಿಕ್ಕರೆ ನೋಡಿ. ಪುಸ್ತಕ ಸಿಕ್ಕರಂತೂ ಮೊದಲು ಫೋಟೋಗಳ ಪುಟ ತೆರೆಯಿರಿ. ಕಪ್ಪು ಬಿಳುಪಿನಲ್ಲಿ ಅಲ್ಲಿರುವ ಮುಖಗಳಲ್ಲಿ ಕೊನೆಯದೊಂದನ್ನು ಬಿಟ್ಟು ಉಳಿದವೆಲ್ಲ ಈಗ ಅದೇ ಕ್ಯಾನ್ವಾಸಿನ ಬಣ್ಣದ ಅಡಿಯಲ್ಲಿವೆ.