ಬಿಳಿಗುಡ್ಡೆಯ ಹಳದಿ ಚುಕ್ಕೆ: ಬತ್ತಲಗುಂಡು ಸೀಮೆಯಿಂದ ಒಂದು ಟಿಪ್ಪಣಿ

ತಮಿಳುನಾಡಿನ ಬತ್ತಲಗುಂಡಿನಿಂದ ತೇನಿ, ಚಿನ್ನಮನ್ನೂರು ದಾಟಿ ಕಂಬಂ ಕಣಿವೆಗೆ ಇಳಿಯುವ ಸೀಮೆಯಲ್ಲಿ ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು ಆಡುವ ಒಕ್ಕಲಿಗ ಮತ್ತು ಕಪ್ಪಿಲಿಯ ಕುಟುಂಬಗಳು ತಲೆಮಾರುಗಳಿಂದ ನೆಲೆಸಿವೆ. ಅವರ ಎರಡು ಭಾಷೆಗಳಲ್ಲೂ ಒಂದೇ ಗಾದೆ ಇದೆ: ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ತಮಿಳಿನಲ್ಲಂತೂ ಕಾಯಿಲೆಯ ಹೆಸರೇ ‘ಮಂಜಳ್ ಕಾಮಾಲೈ’. ಹೀಗಿರುವಾಗ ಕಣ್ಣಿನ ಬಿಳಿಯಲ್ಲಿ ಸಾಸಿವೆಯಷ್ಟು ಹಳದಿ ಕಂಡರೂ ಮನಸ್ಸು ಕಾಮಾಲೆಯತ್ತ ಓಡುವುದು ಸಹಜ. ಆದರೆ ಗಾದೆ ವೈದ್ಯವಲ್ಲ. ಕಾಮಾಲೆಯ ರೋಗಿಗೆ ಲೋಕ ಹಳದಿಯಾಗಿ ಕಾಣುವುದಿಲ್ಲ. ಕಾಮಾಲೆಯು ಚುಕ್ಕೆಯಾಗಿ ಒಂದೆಡೆ ಕೂರುವುದೂ ಇಲ್ಲ. ಪಿತ್ತದ ಬಣ್ಣ ಎರಡೂ ಕಣ್ಣಿನ ಬಿಳಿಯನ್ನು ಒಟ್ಟಿಗೆ ಹಳದಿಯಾಗಿಸುತ್ತದೆ, ಮೂತ್ರವೂ ಗಾಢವಾಗುವುದುಂಟು. ಹಾಗೆ ಕಂಡರೆ ರಕ್ತ ಪರೀಕ್ಷೆ ಮಾಡಿಸಲೇಬೇಕು. ಚುಕ್ಕೆಯ ಕಥೆ ಬೇರೆ.

ಹಗಲು ಬೆಳಕಿನಲ್ಲಿ ಬಾಗಿಲ ಬಳಿ ಕೂರಿಸಿ, ಕಿವಿಯ ಕಡೆಗೆ ದೃಷ್ಟಿ ಹೊರಳಿಸಲು ಹೇಳಿ. ಮೂಗಿನ ಬದಿಯಲ್ಲಿ, ಕಪ್ಪುಗುಡ್ಡೆಯ ಅಂಚಿಗೆ ತಾಗಿದಂತೆ, ತುಸು ಉಬ್ಬಿದ, ಹಳೆಯ ಬೆಣ್ಣೆಯ ಬಣ್ಣದ ಗಂಟೊಂದು ಕಾಣಬಹುದು. ಕಣ್ಣು ಕೆಂಪಾದ ದಿನ ಅದು ಇನ್ನೂ ಎದ್ದು ಕಾಣುತ್ತದೆ. ಸುತ್ತಲಿನ ರಕ್ತನಾಳಗಳೆಲ್ಲ ತುಂಬಿ ಕೆಂಪಾದರೂ ಗಂಟು ಮಾತ್ರ ಪೇಲವವಾಗಿಯೇ ಉಳಿಯುತ್ತದೆ. ವೈದ್ಯರು ಇದನ್ನು ಪಿಂಗ್ವೆಕ್ಯುಲ ಎನ್ನುತ್ತಾರೆ. ಲ್ಯಾಟಿನ್ನಿನಲ್ಲಿ ಕೊಬ್ಬು ಎಂಬರ್ಥದ ಪದದಿಂದ ಬಂದ ಹೆಸರು ಇದು, ಮತ್ತು ತಪ್ಪು ಹೆಸರು. ಅದರೊಳಗೆ ಕೊಬ್ಬಿಲ್ಲ. ಬಿಳಿಗುಡ್ಡೆಯನ್ನು ಹೊದ್ದ ತೆಳುಪೊರೆಯ ಅಡಿಯ ಕೊಲ್ಯಾಜನ್ ನಾರು ನೇರಳಾತೀತ ಕಿರಣಕ್ಕೆ ಸಿಕ್ಕಿ ಕೆಟ್ಟು, ಮುದ್ದೆಗಟ್ಟಿದ ಗುರುತು ಅದು. ತುಪ್ಪ ಬಿಟ್ಟರೆ, ಎಣ್ಣೆ ಬಿಟ್ಟರೆ ಅದು ಕರಗುವುದಿಲ್ಲ. ಕನ್ನಡದಲ್ಲಿ ಇದನ್ನು ‘ಬಿಸಿಲುಗಂಟು’ ಎಂದು ಕರೆಯುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ‘ಹಳದಿ ಚುಕ್ಕೆ’ ಎಂದರೆ ಶಾಲೆಯ ಪಾಠದಲ್ಲಿ ಎಲ್ಲರ ಕಣ್ಣಿನ ಒಳಪದರದಲ್ಲೂ ಇರುವ, ನಿಚ್ಚಳ ನೋಟಕ್ಕೆ ಬೇಕಾದ ಭಾಗ. ಆ ಹೆಸರನ್ನೇ ಇದಕ್ಕೂ ಹೊರಿಸಿದರೆ ಗೊಂದಲ.

ಮೂಗಿನ ಬದಿಯಲ್ಲೇ ಏಕೆ ಹೆಚ್ಚು? ಆಸ್ಟ್ರೇಲಿಯಾದ ನೇತ್ರತಜ್ಞ ಮಿನಾಸ್ ಕೊರೊನಿಯೊ 1990ರ ದಶಕದಲ್ಲಿ ಕೊಟ್ಟ ವಿವರಣೆ ನನಗೆ ಒಪ್ಪಿಗೆಯಾಗಿದೆ. ಕಿವಿಯ ಕಡೆಯಿಂದ ಓರೆಯಾಗಿ ಬೀಳುವ ಬೆಳಕನ್ನು ಕಪ್ಪುಗುಡ್ಡೆಯ ಮುಂದಿನ ಪಾರದರ್ಶಕ ಪೊರೆ, ಅಂದರೆ ಕಾರ್ನಿಯಾ, ಮಸೂರದಂತೆ ಬಾಗಿಸಿ, ಎದುರಿನ ಮೂಗಿನ ಬದಿಯ ಅಂಚಿನಲ್ಲಿ ಒಟ್ಟುಗೂಡಿಸುತ್ತದೆ. ಅಂದರೆ ಎದುರು ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡರೆ ಸಾಲದು. ಪಕ್ಕದಿಂದ ಬರುವ ಬೆಳಕೂ ಹಾನಿ ಮಾಡುತ್ತದೆ. ನಿಲಕ್ಕೋಟೆಯ ಸುತ್ತ ಮಲ್ಲಿಗೆ ಬಿಡಿಸುವವರು, ಕಂಬಂ ಕಣಿವೆಯ ದ್ರಾಕ್ಷಿ ತೋಟದವರು, ಆಷಾಢದ ಗಾಳಿಗೆ ಧೂಳು ತಿನ್ನುತ್ತ ದ್ವಿಚಕ್ರ ವಾಹನ ಓಡಿಸುವವರು ಇದನ್ನು ತಿಳಿದಿರಬೇಕು. ತಲೆಗೆ ಸುತ್ತಿದ ಟವೆಲ್ ಹಣೆ ಕಾಯುತ್ತದೆ, ಕಣ್ಣಿನ ಪಕ್ಕವನ್ನಲ್ಲ. ಅಗಲ ಅಂಚಿನ ಟೋಪಿ ಮತ್ತು ಪಕ್ಕ ಮುಚ್ಚುವ, ನೇರಳಾತೀತ ಕಿರಣ ತಡೆಯುವ ಕನ್ನಡಕ ಬೇಕು.

ಈ ಗಂಟು ಕಪ್ಪುಗುಡ್ಡೆಯ ಅಂಚಿನಲ್ಲೇ ನಿಲ್ಲುತ್ತದೆ. ಅಂಚು ದಾಟಿ ಕಾರ್ನಿಯಾದ ಮೇಲೆ ರೆಕ್ಕೆಯಂತೆ ಹಬ್ಬುವುದು ಟೆರಿಜಿಯಂ. ಜನ ‘ಕಣ್ಣಿಗೆ ಮಾಂಸ ಬೆಳೆದಿದೆ’ ಎನ್ನುವುದು ಇದಕ್ಕೇ. ಚೆನ್ನೈ ಗ್ಲಾಕೋಮಾ ಅಧ್ಯಯನದಲ್ಲಿ 40 ದಾಟಿದವರನ್ನು ಪರೀಕ್ಷಿಸಿದಾಗ ಸುಮಾರು ಹತ್ತರಲ್ಲಿ ಒಬ್ಬರಿಗೆ ಟೆರಿಜಿಯಂ ಕಂಡಿತ್ತು. ಸುಶ್ರುತ ಸಂಹಿತೆಯ ಉತ್ತರತಂತ್ರ ಇದನ್ನು ‘ಅರ್ಮ’ ಎಂದು ಕರೆದು ಐದು ಬಗೆ ಹೇಳುತ್ತದೆ. ಕೊಕ್ಕೆಯಿಂದ ಎತ್ತಿ ಕತ್ತರಿಸುವಾಗ ಮೂಗಿನ ಬದಿಯ ಕಣ್ಣಂಚಿಗೆ ಪೆಟ್ಟಾಗದಂತೆ ಎಚ್ಚರಿಸುತ್ತದೆ. ಅಲ್ಲೇ ಬರುವ, ಹಿಟ್ಟಿನಂತೆ ಬೆಳ್ಳಗೆ ಉಬ್ಬಿದ ‘ಪಿಷ್ಟಕ’ವನ್ನು ಇಂದಿನ ಕೆಲವರು ಬಿಸಿಲುಗಂಟಿನೊಂದಿಗೆ ಸಮೀಕರಿಸುತ್ತಾರೆ. ಬಣ್ಣ ಹೊಂದದ ಕಾರಣ ನಾನು ಅಷ್ಟು ಧೈರ್ಯ ಮಾಡಲಾರೆ.

ಚಿಕಿತ್ಸೆ ಸರಳ. ಬಿಸಿಲುಗಂಟು ತೊಂದರೆ ಕೊಡದಿದ್ದರೆ ಅದನ್ನು ಬಿಡಬೇಕು. ಉರಿ, ಮರಳು ಬಿದ್ದಂತಹ ಕಿರಿಕಿರಿ ಇದ್ದರೆ ಕೃತಕ ಕಣ್ಣೀರಿನ ಹನಿ ಸಾಕು. ಊದಿ ಕೆಂಪಾದಾಗ ವೈದ್ಯರು ಕೆಲವು ದಿನ ಸ್ಟೀರಾಯ್ಡ್ ಹನಿ ಬರೆಯುವುದುಂಟು. ಅದೇ ಬಾಟಲಿಯನ್ನು ಔಷಧದ ಅಂಗಡಿಯಲ್ಲಿ ಮತ್ತೆ ಮತ್ತೆ ಕೇಳಿ ತಂದು ತಿಂಗಳುಗಟ್ಟಲೆ ಹಾಕಿಕೊಂಡರೆ ಕಣ್ಣಿನ ಒತ್ತಡ ಏರಿ ದೃಷ್ಟಿಯೇ ಹೋದೀತು. ಸೊಪ್ಪಿನ ರಸ, ಎದೆಹಾಲು, ಜೇನು ಯಾವುದನ್ನೂ ಕಣ್ಣಿಗೆ ಬಿಡಕೂಡದು. ಟೆರಿಜಿಯಂ ನೋಟಕ್ಕೆ ಅಡ್ಡ ಬಂದರೆ ಶಸ್ತ್ರಚಿಕಿತ್ಸೆ ಬೇಕು. ಬರೀ ಕತ್ತರಿಸಿ ಬಿಟ್ಟರೆ ಮರುಕಳಿಸುವುದೇ ಹೆಚ್ಚು. ಅದೇ ಕಣ್ಣಿನ ಆರೋಗ್ಯವಾದ ಪೊರೆಯ ತುಂಡನ್ನು ಕಸಿ ಮಾಡಿದರೆ ಆ ಭಯ ಬಹಳ ತಗ್ಗುತ್ತದೆ. ಬೇಗ ಬೆಳೆಯುವ, ದಪ್ಪ ರಕ್ತನಾಳ ಹೊಕ್ಕ, ಒಂದೇ ಕಣ್ಣಿನ ಗಂಟಾದರೆ ಕ್ಯಾನ್ಸರಿನ ಅನುಮಾನವನ್ನೂ ಪರಿಹರಿಸಿಕೊಳ್ಳಬೇಕು. ಡಾ. ಜಿ. ವೆಂಕಟಸ್ವಾಮಿ 1976ರಲ್ಲಿ ಮದುರೆಯಲ್ಲಿ 11 ಹಾಸಿಗೆಗಳಿಂದ ಆರಂಭಿಸಿದ ಅರವಿಂದ ಕಣ್ಣಾಸ್ಪತ್ರೆ 1985ರಲ್ಲೇ ತೇನಿಗೆ ಬಂದಿದೆ. ಈ ಸೀಮೆಯವರಿಗೆ ತಜ್ಞರ ಕಣ್ಣು ದೂರವಿಲ್ಲ.

ಇಷ್ಟೂ ದೊಡ್ಡವರ ಮಾತು. ಚಿಕ್ಕ ಮಗುವಿನ ಬಿಳಿಗುಡ್ಡೆಯಲ್ಲಿ, ಹೆಚ್ಚಾಗಿ ಕಿವಿಯ ಬದಿಗೆ, ಸಾಬೂನಿನ ನೊರೆ ಒಣಗಿದಂತಹ ಮಾಸಲು ಚುಕ್ಕೆ ಕಂಡರೆ ಅದು ಬಿಸಿಲಿನದ್ದಲ್ಲ. 1863ರಲ್ಲಿ ಫ್ರಾನ್ಸಿನ ವೈದ್ಯ ಪಿಯರ್ ಬಿಟಾಟ್ ವಿವರಿಸಿದ, ಎ ಜೀವಸತ್ವದ ಕೊರತೆಯ ಗುರುತು, ಜೊತೆಗೆ ಇರುಳುಗಣ್ಣೂ ಇರುವುದುಂಟು. ಕಾಯುವ ಹೊತ್ತು ಇದಲ್ಲ. ಮದುರೆಯ ಸಂಶೋಧಕಿ ಲಕ್ಷ್ಮಿ ರಹಮತುಲ್ಲಾ ಮತ್ತು ಸಂಗಡಿಗರು ತಿರುಚಿರಾಪಳ್ಳಿ ಜಿಲ್ಲೆಯ 15,419 ಮಕ್ಕಳಲ್ಲಿ ನಡೆಸಿ 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಾರಕ್ಕೊಂದು ಸಣ್ಣ ಪ್ರಮಾಣದ ಎ ಜೀವಸತ್ವ ಪಡೆದವರಲ್ಲಿ ಸಾವು ಶೇಕಡಾ 54ರಷ್ಟು ಕಡಿಮೆಯಿತ್ತು. ಕೊರತೆ ಕಣ್ಣಿಗಷ್ಟೇ ಅಲ್ಲ, ಜೀವಕ್ಕೇ ಸಂಬಂಧಿಸಿದ್ದು. ಒಂಬತ್ತು ತಿಂಗಳಿಗೆ 1 ಲಕ್ಷ ಯೂನಿಟ್, ಆಮೇಲೆ ಐದು ವರ್ಷ ತುಂಬುವ ತನಕ ಆರು ತಿಂಗಳಿಗೊಮ್ಮೆ 2 ಲಕ್ಷ ಯೂನಿಟ್ ದ್ರಾವಣ ಸರಕಾರದಿಂದಲೇ ಸಿಗುತ್ತದೆ. ಚುಕ್ಕೆ ಕಂಡ ಮಗುವಿಗೆ ಚಿಕಿತ್ಸೆಯ ಪ್ರಮಾಣವನ್ನು ವೈದ್ಯರೇ ಕೊಡಬೇಕು. ಅಡುಗೆಯಲ್ಲಿ ನುಗ್ಗೆಸೊಪ್ಪು, ಪಪ್ಪಾಯಿ ಇರಲಿ. ಔಷಧ ಬಿದ್ದ ಮೇಲೂ ಚುಕ್ಕೆ ಕೆಲವು ಮಕ್ಕಳಲ್ಲಿ ಬಹುಕಾಲ ಉಳಿಯುತ್ತದೆ, ಆದರೆ ಇರುಳುಗಣ್ಣು ಕೆಲವೇ ದಿನಗಳಲ್ಲಿ ತಿಳಿಯಾಗುತ್ತದೆ. ಮುಸ್ಸಂಜೆಯಲ್ಲಿ ತಡವರಿಸದೆ ಮಗು ತನ್ನ ತಟ್ಟೆಯನ್ನು ತಾನೇ ಹುಡುಕಿಕೊಂಡಿತೇ ಎಂದು ತಾಯಿ ಗಮನಿಸಬೇಕು.